ಪಂಖಾಕ್ಕೆ ಬಿಗಿದ ಹಳಿ

ಕಂಪನಿಯವರು ಹಂಪಯ್ಯನ ಕುಲುಮೆಯನ್ನು ಜೆಸಿಬಿಯಿಂದ ಒಡೆದು ಹಾಕಿದರು. ರಸ್ತೆಗೆ ಅಡ್ಡ ಇತ್ತು ಎಂದರು. ಕುಲುಮೆ ರಸ್ತೆಯ ಮೇಲಿರಲಿಲ್ಲ.

ಅದು ಇದ್ದದ್ದು ಶಂಶಾಬಾದಿನಿಂದ ಒಳಕ್ಕೆ, ಹೊಸ ಬಡಾವಣೆಗೆಂದು ಕಂಪನಿ ತಗಡಿನ ಬೇಲಿ ಕಟ್ಟಿದ್ದ ಕಲ್ಲುಗುಡ್ಡದ ಬುಡದಲ್ಲಿ, ಒಂದು ಹುಣಸೆ ಮರದ ಕೆಳಗೆ. ತಲೆಯ ಮೇಲೆ ವಿಮಾನಗಳು ಹೊಟ್ಟೆ ತೋರಿಸಿಕೊಂಡು ಇಳಿಯುತ್ತಿದ್ದವು. ಸುತ್ತ ಮನೆಗಳಾಗಿದ್ದರಿಂದ ಆ ಗುಡ್ಡಕ್ಕೆ ಮದ್ದು ಇಟ್ಟು ಸಿಡಿಸುವಂತಿರಲಿಲ್ಲ. ಕೈಯಿಂದಲೇ ಒಡೆಯಬೇಕು. ಕೈಯಿಂದ ಒಡೆಯಲು ದೇವದುರ್ಗ, ಲಿಂಗಸೂಗೂರಿನ ಕಡೆಯ ಜನ ಬೇಕು. ಆ ಜನರ ಉಳಿಗಳು ಸಂಜೆಯ ಹೊತ್ತಿಗೆ ಮೊಂಡಾಗುತ್ತವೆ. ಮೊಂಡಾದ ಉಳಿಯನ್ನು ಕಾಯಿಸಿ, ಬಡಿದು ಮೂತಿ ತೆಗೆದು, ನೀರಿಗೆ ಅದ್ದಿ ಹದ ಮಾಡಿಕೊಡಲು ಒಬ್ಬ ಕಂಬಾರ ಬೇಕು. ಇಷ್ಟೆಲ್ಲ ಬೇಕು, ಆದರೆ ಇವರಲ್ಲಿ ಯಾರೂ ಕಣ್ಣಿಗೆ ಬೀಳಬಾರದು. ಗುಡ್ಡ ತಾನಾಗಿ ಕರಗಿ ಹೋಯಿತು ಎಂಬಂತೆ ಇರಬೇಕು.

ಆ ಕಂಬಾರ ಹಂಪಯ್ಯ. ಇಕ್ಕಳ ಮತ್ತು ಸಣ್ಣ ಸುತ್ತಿಗೆ ಅವನ ಕೈಯಲ್ಲಿ. ಎದುರು ನಿಂತು ದೊಡ್ಡ ಸುತ್ತಿಗೆ ಎತ್ತಿ ಬಡಿಯುವವಳು ಹೆಂಡತಿ ಗದಿಗೆಮ್ಮ. ಸಣ್ಣದು ಎಲ್ಲಿ ತಟ್ಟಿ ತೋರಿಸುತ್ತದೋ ಅಲ್ಲಿ ದೊಡ್ಡದು ಬೀಳುತ್ತದೆ. ನಡುವೆ ಮಾತು ಬೇಕಿಲ್ಲ. ಅವನು ಅವಳ ತಾಯಿಯ ತಮ್ಮ. ಮದುವೆಗೆ ಮೊದಲು ಮಾವ ಎನ್ನುತ್ತಿದ್ದಳು, ಮದುವೆಯಾದ ಮೇಲೂ ಅದೇ ಉಳಿಯಿತು. ಊರಲ್ಲಿ ಹಂಪಯ್ಯ ಬಂಡಿಗಾಲಿಗೆ ಕಬ್ಬಿಣದ ಹಳಿ ಬಿಗಿಯುವುದರಲ್ಲಿ ಹೆಸರಾದವನು. ಬಂಡಿಗಳು ಹೋಗಿ ಟ್ರ್ಯಾಕ್ಟರುಗಳು ಬಂದವು. ಹಳಿ ಬೇಡುವ ಗಾಲಿಗಳು ಉಳಿಯಲಿಲ್ಲ. ಕಲ್ಲೊಡೆಯುವವರ ಬೆನ್ನು ಹಿಡಿದು ಗಂಡ ಹೆಂಡತಿ ಇಬ್ಬರೂ ಇತ್ತ ಬಂದರು.

ಜೆಸಿಬಿ ಬಂದಾಗ ಇಬ್ಬರೂ ಇದ್ದಿಲು ತರಲು ಹೋಗಿದ್ದರು. ತಲೆಯ ಮೇಲೆ ಚೀಲ ಹೊತ್ತು ತಿರುಗಿ ಬಂದಾಗ ಡ್ರೈವರ್ ಊಟಕ್ಕೆ ಹೋಗಿದ್ದ. ಮಣ್ಣಿನ ಒಲೆಗೋಡೆ ನೆಲಸಮವಾಗಿತ್ತು. ಇಕ್ಕಳದ ನಡುವಿನ ಕೀಲು ಮುರಿದು, ಎರಡು ಕಾಲು ಎರಡು ಕಡೆ ಬಿದ್ದಿದ್ದವು. ಕಾದದ್ದನ್ನು ಇಟ್ಟು ಬಡಿಯಲು ಅಡಿಗಲ್ಲೆಂದು ಇಟ್ಟುಕೊಂಡಿದ್ದ ರೈಲು ಕಂಬಿಯ ತುಂಡು ಮಾತ್ರ ಮಣ್ಣಲ್ಲಿ ಹೂತು, ಏನೂ ಆಗದೆ ಉಳಿದಿತ್ತು. ಪಂಖಾ ಮಗ್ಗುಲಾಗಿ ಬಿದ್ದಿತ್ತು. ಕುಲುಮೆಗೆ ಗಾಳಿ ಊದುವುದು ಅದೇ: ಬಸವನಹುಳುವಿನ ಚಿಪ್ಪಿನಂಥ ಬೀಡು ಕಬ್ಬಿಣದ ಡಬ್ಬಿ, ಒಳಗೆ ರೆಕ್ಕೆ, ಹೊರಗೆ ತಿರುಗಿಸುವ ಹಿಡಿ, ಮುಂದೆ ಗಾಳಿ ಹೊರಡುವ ಗುಂಡನೆಯ ಕೊರಳು. ಅದರ ಒಂದು ಕಾಲು ಸೊಟ್ಟಗಾಗಿತ್ತು. ಕೊರಳಿನಿಂದ ಹೊಟ್ಟೆಯತ್ತ ಒಂದು ಬಿರುಕು ಓಡಿತ್ತು. ಗದಿಗೆಮ್ಮ ಕುಕ್ಕರಗಾಲಲ್ಲಿ ಕೂತು ಹಿಡಿ ತಿರುಗಿಸಿದಳು, ಬಿರುಕಿಗೆ ಅಂಗೈ ಒಡ್ಡಿದಳು. ಗಾಳಿಯೆಲ್ಲ ಅಂಗೈಗೇ ಬಂತು.

ಮರುದಿನ ಬೆಳಗ್ಗೆ ಸೈಟ್ ಎಂಜಿನಿಯರ್ ಮನೋಜ ಬೈಕು ನಿಲ್ಲಿಸಿ ನೋಡಿದ. ಮೈಸೂರಿನ ಹುಡುಗ. ಸುತ್ತ ಎಲ್ಲ ತೆಲುಗು, ಹಿಂದಿಯಾಗಿದ್ದರಿಂದ ಆಗೀಗ ಹುಣಸೆ ಮರದ ಕೆಳಗೆ ಬಂದು ಕನ್ನಡ ಮಾತಾಡಿ ಹೋಗುತ್ತಿದ್ದ. ಇವರ ಕನ್ನಡಕ್ಕೆ ನಗುತ್ತಿದ್ದ, ಅವನದಕ್ಕೆ ಇವರು ನಗುತ್ತಿದ್ದರು. ಒಡೆಯುವುದು ತನಗೆ ಗೊತ್ತಿರಲಿಲ್ಲ ಎಂದ. ಮೇಲಿನವರಿಗೆ ಹೇಳುತ್ತೇನೆ ಎಂದ. ಹೇಳಿದ್ದೂ ನಿಜವಿರಬೇಕು. ಮೇಲಿನವರಿಂದ ಬಂದ ಉತ್ತರವನ್ನು ತಂದವನು ಮಾತ್ರ ಕಲ್ಲೇಶ.

ಕಲ್ಲೇಶ ಕಲ್ಲೊಡೆಯುವ ಗ್ಯಾಂಗಿನ ಮೇಲಾಳು, ಮುಕದ್ದಮ. ಇವರ ಕಡೆಯವನೇ, ಆದರೆ ಕಂಪನಿಯ ಹಳದಿ ಟೋಪಿ ಹಾಕಿಕೊಂಡವನು. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಮಾತು ಶುರು ಮಾಡಿದ.

"ಅಕ್ಕಾ, ಸ್ಟೋರಿನವ ಗ್ರೈಂಡರ್ ತಂದಾನ. ಉಳಿ ಅದರಾಗ ಮಸೀತಾರಂತ. ಸೋಮವಾರತನ ನೋಡ್ತೀವಿ ಅಂದಾರ. ಅಷ್ಟೊತ್ತಿಗೆ ಕುಲಮಿ ಹತ್ತಲಿಲ್ಲಂದ್ರ ಕಂಬಾರನ ಕೆಲಸ ಇಲ್ಲಿ ಮುಗೀತು, ಗುಡಿಸಲಾ ಬಿಡ್ರಿ ಅಂತ."

"ಒಡದವರು ಅವ್ರು, ಗಡುವ ನಮಗ."

"ನನಗ್ಯಾಕ ಹೇಳ್ತಿ. ನಾ ಬರೇ ಫೋನ್ ಇದ್ದಂಗ. ಅತ್ಲಾಗಿನ ಮಾತು ಇತ್ಲಾಗ ಹಾಕ್ತೀನಿ."

"ಫೋನಾದ್ರ ಇತ್ಲಾಗಿಂದೂ ಅತ್ಲಾಗ ಹೋಗಬೇಕಲ್ಲೋ ಕಲ್ಲೇಶ," ಎಂದಳು ಗದಿಗೆಮ್ಮ. ಅವನು ನಕ್ಕ. ನಕ್ಕು, ಟೋಪಿ ಹಾಕಿಕೊಂಡು ಹೋದ.

ಸೈಟಿನೊಳಗೆ ವೆಲ್ಡಿಂಗ್ ಮಷೀನಿತ್ತು. ಗೇಟುಗಳಿಗೆ ಸರಳು ಕೂಡಿಸುವ ವೆಲ್ಡರ್ ಬಿಹಾರದ ಕಡೆಯವನು. ಹಂಪಯ್ಯ ಪಂಖಾವನ್ನು ಹೆಗಲ ಮೇಲಿಟ್ಟುಕೊಂಡು ಹೋಗಿ ಅವನ ಎದುರು ನಿಂತ. ಅವನು ಕನ್ನಡಕ ಎತ್ತಿ ಬಿರುಕು ನೋಡಿದ, ಬೆರಳಿನಿಂದ ತಟ್ಟಿ ಸದ್ದು ಕೇಳಿದ. ಇದು ಬೀಡು, ನನ್ನ ಹತ್ತಿರ ಇರುವ ಕಡ್ಡಿ ಇದಕ್ಕೆ ಹಿಡಿಯುವುದಿಲ್ಲ, ಒಂದು ಕಡೆ ಕೂಡಿಸಿದರೆ ಪಕ್ಕದಲ್ಲಿ ಬಿಡುತ್ತದೆ ಎಂದ. ಹಿಡಿಯುವಂತಿದ್ದರೂ ಹೊರಗಿನವರದ್ದು ಮುಟ್ಟಬೇಡ ಎಂದಿದ್ದಾರೆ ಎಂದು ಕಂಬದ ಮೇಲಿನ ಕ್ಯಾಮೆರಾದ ಕಡೆ ಕಣ್ಣು ತೋರಿಸಿದ. ಹೆದ್ದಾರಿಯ ಬದಿಯ ವೆಲ್ಡಿಂಗ್ ಅಂಗಡಿಯವನು ಅದೂ ಹೇಳಲಿಲ್ಲ. ಗುಜರಿಗೆ ಹಾಕು, ಕರೆಂಟಿನದ್ದು ತಗೋ ಎಂದ. ಹುಣಸೆ ಮರಕ್ಕೆ ಕರೆಂಟು ಇರಲಿಲ್ಲ. ಕಂಬ ಹತ್ತಡಿ ದೂರದಲ್ಲಿತ್ತು, ಅದರ ದೀಪ ಬರಲಿರುವ ಮನೆಗಳದ್ದು.

ಹಂಪಯ್ಯ ಪಂಖಾ ಇಳಿಸಿ ಅದರ ಪಕ್ಕದಲ್ಲೇ ಕೂತ. ಅವನು ಸಿಟ್ಟು ಮಾಡುವ ಮನುಷ್ಯನಲ್ಲ. ಏಳು ಅಂದರೆ ಏಳುತ್ತಾನೆ, ಸರಿ ಅಂದರೆ ಸರಿಯುತ್ತಾನೆ. ಪೊಲೀಸರು, ಗುತ್ತಿಗೆದಾರರು, ಕಾವಲುಗಾರರು ಎಲ್ಲರೂ ಅವನನ್ನು ಎಬ್ಬಿಸಿದ್ದಾರೆ. ಪ್ರತಿ ಸಲವೂ ಪಂಚೆಯ ಧೂಳು ಕೊಡವಿಕೊಂಡು ಎದ್ದಿದ್ದಾನೆ.

"ಹೋಗೂಣು ನಡಿ," ಎಂದ.

"ಎಲ್ಲಿಗೆ?"

ಗದಿಗೆಮ್ಮ ಇಕ್ಕಳದ ಎರಡು ಕಾಲುಗಳನ್ನು ಅವನ ಮುಂದೆ ತಂದಿಟ್ಟಳು. ಇಕ್ಕಳ ಇಲ್ಲದೆ ಯಾವುದೂ ಇಲ್ಲ. ಕಾದದ್ದನ್ನು ಹಿಡಿಯುವುದು ಅದೊಂದೇ. ಹಂಪಯ್ಯ ಸೆಂಟ್ರಿಂಗ್ ಹಲಗೆಯಿಂದ ಬಿದ್ದ ದಪ್ಪ ಮೊಳೆಯೊಂದನ್ನು ಹುಡುಕಿ, ಎರಡು ಕಾಲುಗಳ ತೂತಿಗೆ ಹಾಕಿ, ಬೇಕಾದಷ್ಟು ಬಿಟ್ಟು ಕತ್ತರಿಸಿ, ಕಂಬಿಯ ಮೇಲಿಟ್ಟು ತಣ್ಣಗಿದ್ದಂತೆಯೇ ಸಣ್ಣ ಸಣ್ಣ ಪೆಟ್ಟಿನಿಂದ ತಲೆ ಹರಡಿಸಿದ. ಬಿಗಿಯಾಯಿತು. ಎಣ್ಣೆಗೆ ಬದಲು ಸ್ವಲ್ಪ ಮೇಣ ತಿಕ್ಕಿ ಆಡಿಸಿದ. ಇಕ್ಕಳ ಬಾಯಿ ತೆರೆದು ಮುಚ್ಚಿತು. ಮೊದಲ ದಿನದ ಕೆಲಸ ಇಷ್ಟೇ.

ಪಂಖಾ ರಿಪೇರಿಗೆ ಕಬ್ಬಿಣ ಕಾಯಿಸಬೇಕು. ಕಬ್ಬಿಣ ಕಾಯಿಸಲು ಪಂಖಾ ಬೇಕು. ಈ ಗಂಟನ್ನು ಬಿಡಿಸಿದ್ದು ಯಂಕಮ್ಮ. ಕಲ್ಲೊಡೆಯುವ ಹುಸೇನಪ್ಪನ ಹೆಂಡತಿ, ಬಾಯಿ ಜೋರಿನ ಹೆಂಗಸು. ಬಡಾವಣೆಯ ಕಮಾನಿಗೆ ಕಟ್ಟಿದ್ದ, ಗಾಳಿಗೆ ಹರಿದು ಬಿದ್ದಿದ್ದ ಫ್ಲೆಕ್ಸೊಂದನ್ನು ಗುಡಿಸಲಿಗೆ ಹೊದಿಸಿಕೊಂಡಿದ್ದಳು. ಅದನ್ನೇ ಎಳೆದುಕೊಂಡು ಬಂದು ಹಾಕಿದಳು. ಮೊದಲು ಗಾಳಿ ಊದಲು ತಿದಿ ಇರಲಿಲ್ಲವಾ, ತೊಗಲಿನದು, ಇದನ್ನೇ ತೊಗಲು ಅಂದುಕೊಂಡು ಹೊಲಿಯಿರಿ ಎಂದಳು. ಗದಿಗೆಮ್ಮ ದಬ್ಬಳದಿಂದ ಎರಡು ಚೀಲ ಹೊಲಿದಳು. ಬಾಯಿಗೆ ಬಿದಿರಿನ ಸೀಳು ಕಟ್ಟಿದಳು, ಎತ್ತುವಾಗ ತೆರೆಯಲು, ಒತ್ತುವಾಗ ಮುಚ್ಚಲು. ಬಾಲಕ್ಕೆ ಕೊಳವೆ, ಕೊಳವೆಯ ತುದಿಗೆ ಮಣ್ಣಿನ ಮೂತಿ. ನೆಲದಲ್ಲಿ ಒಂದು ಕುಣಿ ತೋಡಿ ಇದ್ದಿಲು ಹಾಕಿದರು. ಫ್ಲೆಕ್ಸಿನ ಮೇಲೆ ಅಡುಗೆಮನೆಯಲ್ಲಿ ನಿಂತ ಒಬ್ಬ ಬೆಳ್ಳನೆಯ ಹೆಂಗಸಿನ ಚಿತ್ರವಿತ್ತು. ಚೀಲ ಎತ್ತಿದಾಗ ಅವಳ ಮುಖ ಉಬ್ಬುತ್ತಿತ್ತು, ಒತ್ತಿದಾಗ ಮಡಚಿಕೊಳ್ಳುತ್ತಿತ್ತು.

"ಪಾಪ, ಹುಟ್ಟಿದಾಗಿಂದ ಇವತ್ತ ಮೊದಲು ಕೆಲಸ ಮಾಡಾಕತ್ತಾಳ," ಎಂದಳು ಯಂಕಮ್ಮ.

ಗಾಳಿ ಬಂತು, ಬೆಂಕಿಯೂ ಕೆಂಪಗಾಯಿತು. ಆದರೆ ಇಬ್ಬರು ಕೂತು ಒತ್ತಿದರೂ ಒಂದು ಪಟ್ಟಿ ಕಾಯುವಷ್ಟೇ. ಹೊಲಿಗೆ ಬಿಡುತ್ತಿತ್ತು, ಫ್ಲೆಕ್ಸು ಬಿಸಿಗೆ ಸುರುಟುತ್ತಿತ್ತು, ಭುಜ ಸೋಲುತ್ತಿತ್ತು. ಇಡೀ ಗ್ಯಾಂಗಿನ ಉಳಿಗಳನ್ನು ಇದರಲ್ಲಿ ಹದ ಮಾಡುವುದು ಆಗದ ಮಾತು. ಇದು ಪಂಖಾ ಎಬ್ಬಿಸುವ ತನಕ ಮಾತ್ರ.

ಹಂಪಯ್ಯನಿಗೆ ಗೊತ್ತಿದ್ದ ದಾರಿ ಒಂದೇ: ಹಳಿ. ಮರದ ಗಾಲಿಯ ಸುತ್ತಳತೆಗಿಂತ ಕಬ್ಬಿಣದ ಬಳೆಯನ್ನು ಕೊಂಚ ಚಿಕ್ಕದು ಮಾಡಬೇಕು. ಕಾಯಿಸಿದರೆ ಅದು ಹಿಗ್ಗುತ್ತದೆ. ಹಿಗ್ಗಿದ್ದನ್ನು ಗಾಲಿಗೆ ತೊಡಿಸಿ ನೀರು ಸುರಿದರೆ ಕುಗ್ಗಿ, ಕಡ್ಡಿ ಕಡ್ಡಿಯನ್ನೂ ಅಪ್ಪಿ ಹಿಡಿಯುತ್ತದೆ. ಪಂಖಾದ ಕೊರಳಿಗೂ ಹಾಗೇ ಒಂದು ಬಳೆ ತೊಡಿಸಿದರೆ ಬಿರುಕು ಮುಚ್ಚಿಕೊಳ್ಳುತ್ತದೆ ಎಂದು ಅವನ ಲೆಕ್ಕ. ದಾರದಿಂದ ಕೊರಳು ಅಳೆದ. ಒಂದು ಪಟ್ಟಿ ಕಾಯಿಸಿ ಬಾಗಿಸಿ, ತುದಿಯ ಮೇಲೆ ತುದಿ ಕೂರಿಸಿ ಕೀಲು ಹೊಡೆದ. ಬಳೆಯಾಯಿತು. ಅವನ ಮುಖಕ್ಕೆ ಊರಿನ ಕಳೆ ಬಂತು. ಸುತ್ತ ಕೂತವರಿಗೆ ಅಪ್ಪನ ಕಾಲದ ಹಳಿಗಳ ಕಥೆ ಹೇಳಿದ, ಯಾವ ಗೌಡರ ಬಂಡಿಗೆ ಬಿಗಿದ ಹಳಿ ಗಾಲಿ ಕೊಳೆತರೂ ಬಿಡಲಿಲ್ಲ ಎಂಬುದನ್ನೆಲ್ಲ. ಕಲ್ಲೊಡೆಯುವವರು ಮಧ್ಯಾಹ್ನದ ರೊಟ್ಟಿ ಬಿಚ್ಚಿ ಅಲ್ಲೇ ತಿಂದರು.

ಹಳಿ ಬಿಗಿಯುವಾಗ ಹೆಂಗಸರು ಕೊಡ ಹಿಡಿದು ಸುತ್ತ ನಿಲ್ಲುವುದು ಪದ್ಧತಿ. ಕಂಬಾರ ಕೂಗಿದ ಕೂಡಲೇ ಸುರಿಯಬೇಕು. ತಡವಾದರೆ ಮರಕ್ಕೆ ಉರಿ ಹತ್ತುತ್ತದೆ. ಗದಿಗೆಮ್ಮ ಕೊಡ ಹಿಡಿದು ನಿಂತಳು. ಹಂಪಯ್ಯ ಕೆಂಪಗೆ ಕಾದ ಬಳೆಯನ್ನು ಇಕ್ಕಳದಲ್ಲೆತ್ತಿ ಕೊರಳಿಗೆ ಇಳಿಸಿದ. ಅದು ಸಲೀಸಾಗಿ ಕೂತಿತು.

"ನೀರ," ಎಂದ.

ಅವಳು ಸುರಿದಳು.

ಹಬೆ ಎದ್ದಿತು. ಹಬೆಯ ಒಳಗಿಂದ ಟಣ್ ಎಂಬ ಒಂದು ತೆಳು ಸದ್ದು ಬಂತು. ಹಬೆ ಸರಿದಾಗ ಬಿರುಕು ಹೊಟ್ಟೆಯ ಅರ್ಧದ ತನಕ ಓಡಿತ್ತು. ಕೊರಳಿನ ಪಕ್ಕದ ಒಂದು ತುಂಡು, ಅಂಗೈಯಗಲದ್ದು, ಕಳಚಿ ಕೆಳಗೆ ಬಿದ್ದಿತ್ತು.

ಮರ ಮಣಿಯುತ್ತದೆ. ಹಳಿ ಎಷ್ಟೇ ಬಿಗಿಯಾದರೂ ಒಳಗೊಳಗೇ ಒತ್ತಿಕೊಂಡು ಜಾಗ ಕೊಡುತ್ತದೆ, ನೀರು ಬಿದ್ದರೆ ಇನ್ನಷ್ಟು ಉಬ್ಬಿ ಕೂರುತ್ತದೆ. ಬೀಡು ಮಣಿಯುವ ಜಾತಿಯದಲ್ಲ. ಬಿಸಿಯಾದದ್ದರ ಮೇಲೆ ತಣ್ಣೀರು ಬಿದ್ದರೆ ಗಾಜಿನಂತೆ ಬಿಡುತ್ತದೆ. ಅದು ಇಬ್ಬರಿಗೂ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಬಾಯಿ ನೀರು ಎಂದಿತ್ತು, ಕೈ ಕೊಡ ಬಗ್ಗಿಸಿತ್ತು. ಇಷ್ಟು ವರ್ಷ ಒಬ್ಬರು ಕೂಗಿ ಒಬ್ಬರು ಸುರಿದದ್ದು ಎಲುಬಿನಲ್ಲಿ ಸೇರಿಹೋಗಿತ್ತು. ಕಂಪನಿ ಬಿರುಕು ಮಾಡಿತ್ತು, ಇವರು ತುಂಡು ಮಾಡಿದ್ದರು.

"ನಾ ಯಾಕರ ಅಂದ್ನೋ," ಎಂದ ಹಂಪಯ್ಯ.

"ನಾ ಯಾಕರ ಹಾಕಿದ್ನೋ," ಎಂದಳು ಗದಿಗೆಮ್ಮ.

ಆ ಸಂಜೆ ಅವಳು ಒಲೆ ಹೊತ್ತಿಸಲಿಲ್ಲ. ಯಂಕಮ್ಮ ಕೊಟ್ಟ ರೊಟ್ಟಿಯೂ ಹಾಗೇ ಉಳಿಯಿತು. ಹಂಪಯ್ಯ ಹೋಗುವ ಮಾತನ್ನು ಮತ್ತೆ ಎತ್ತಿದ. ಮೆದುವಾಗಿ, ಗೋಡೆಯ ಕಡೆ ಮುಖ ಮಾಡಿ. ಊರಲ್ಲಿ ತಮ್ಮನ ಮನೆಯಿದೆ ಎಂದ. ತಮ್ಮನ ಮನೆಯಲ್ಲಿ ತಮ್ಮನಿಗೇ ಜಾಗವಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಗದಿಗೆಮ್ಮನಿಗೂ ಸಾಕಾಗಿತ್ತು. ಒಡೆದದ್ದನ್ನು ಕೂಡಿಸುವುದೇ ಬದುಕಾದರೆ ಒಂದು ದಿನ ಕೈ ಸೋಲುತ್ತದೆ, ಅದಕ್ಕೆ ದೊಡ್ಡ ಕಾರಣ ಬೇಕಿಲ್ಲ.

ಮಾರನೆಯ ಬೆಳಗ್ಗೆ ಹುಸೇನಪ್ಪ ಕೆನ್ನೆಗೆ ಟವಲ್ ಒತ್ತಿಕೊಂಡು ಬಂದ. ಗ್ರೈಂಡರಿನಲ್ಲಿ ಮಸೆದ ಉಳಿಯ ಮೂತಿ ನೀಲಿಗಟ್ಟಿ ಹದ ಕೆಟ್ಟಿತ್ತು. ಕಲ್ಲಿಗಿಟ್ಟು ಬಡಿದಾಗ ಸೀಳಿ, ಚೂರು ಹಾರಿ ಕಣ್ಣಿನ ಕೆಳಗೆ ಹೊಕ್ಕಿತ್ತು. ಇನ್ನಷ್ಟು ಮೇಲೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಸ್ಟೋರಿನವರು ಕನ್ನಡಕ ಹಾಕಿಕೊಂಡು ಕೆಲಸ ಮಾಡು ಎಂದರಂತೆ. ಕನ್ನಡಕ ಕೊಡಿ ಎಂದಿದ್ದಕ್ಕೆ ಬರುತ್ತದೆ ಎಂದರಂತೆ. ಯಂಕಮ್ಮ ಗಾಯಕ್ಕೆ ಅರಿಶಿನ ಹಚ್ಚುತ್ತಾ ಬೈಯತೊಡಗಿದಳು. ಗಂಡನನ್ನು, ಸ್ಟೋರಿನವನನ್ನು, ಗುಡ್ಡವನ್ನು, ಕೊನೆಗೆ ಮೇಲೆ ಹೋಗುತ್ತಿದ್ದ ವಿಮಾನವನ್ನೂ ಬೈದಳು.

ಹುಸೇನಪ್ಪ ಅವಳನ್ನು ಸುಮ್ಮನಾಗಿಸಿ ಹಂಪಯ್ಯನ ಮುಂದೆ ಕೂತ. "ಅಣ್ಣಾ, ನೀ ಹೋದಿ ಅಂದ್ರ ನಮಗ ಇದ ಉಳಿ," ಎಂದ.

ಹಂಪಯ್ಯ ತಲೆ ಎತ್ತಲಿಲ್ಲ. ಗದಿಗೆಮ್ಮ ಎದ್ದು ಕಳಚಿದ್ದ ತುಂಡನ್ನು ತಂದು ಅದರ ಜಾಗಕ್ಕೆ ಹಿಡಿದು ನೋಡಿದಳು. ಸರಿಯಾಗಿ ಕೂರುತ್ತಿತ್ತು, ಕೂದಲೆಳೆಯಷ್ಟು ಸಂದು ಬಿಟ್ಟು. ಬಡಿದರೆ ಒಡೆಯುತ್ತದೆ, ಕಾಯಿಸಿದರೆ ಬಿಡುತ್ತದೆ. ಉಳಿದದ್ದು ತಣ್ಣಗೆ ಬಿಗಿಯುವುದು. ಆಗ ಅವಳಿಗೆ ಅಪ್ಪನ ನೆನಪಾಯಿತು. ರಾಯಚೂರಿನ ಹತ್ತಿ ಮಿಲ್ಲೊಂದರಲ್ಲಿ ಹಬೆಯ ಕೊಳವೆಗಳನ್ನು ನೋಡಿಕೊಳ್ಳುತ್ತಿದ್ದವನು. ಬೀಡಿನ ಕೊಳವೆ ಸೀಳಿದರೆ ಕಬ್ಬಿಣದ ಪುಡಿಗೆ ನವಸಾಗರ, ಚಿಟಿಕೆ ಗಂಧಕ ಬೆರೆಸಿ, ನೀರು ಚಿಮುಕಿಸಿ ಕಲಸಿ ಮೆತ್ತುತ್ತಿದ್ದ. ಆ ಪುಡಿ ತುಕ್ಕು ಹಿಡಿಯುತ್ತಾ ಉಬ್ಬಿ, ಕಲ್ಲಾಗಿ ಕೂರುತ್ತಿತ್ತು. ಅವನ ಕೈಗೆ ಮೂರು ಹೊತ್ತೂ ಅದರ ಘಾಟು. ಆ ಕೈಯಲ್ಲಿ ತುತ್ತು ತಿಂದವಳು ಇವಳು.

"ಬೇಗಂ ಬಜಾರಿಗೆ ಹೋಗಿ ಬರ್ತೀನಿ," ಎಂದಳು.

ಬಸ್ಸು ಹಿಡಿದು ಹೋದಳು. ಬೇಗಂ ಬಜಾರಿನ ಗಲ್ಲಿಗಳಲ್ಲಿ ಮೆಣಸಿನಕಾಯಿಯ ಘಾಟು, ಹಮಾಲರ ಕೂಗು, ತಳ್ಳುಗಾಡಿಗಳ ನಡುವೆ ನುಗ್ಗಿ ತಾಮ್ರದ ಪಾತ್ರೆಗಳ ಸಾಲು ದಾಟಿದರೆ ಕಲಾಯಿ ಸಾಮಾನು ಮಾರುವ ಅಂಗಡಿ. ಮುದುಕ ಅಂಗಡಿಯವನು ಕಲಾಯಿಗೋ ಎಂದು ಕೇಳಿದ. ಇಲ್ಲ, ಪಂಖಾದ ಕೊರಳಿಗೆ ಎಂದಳು ತನ್ನ ಮುರುಕು ಹಿಂದಿಯಲ್ಲಿ. ಅವನು ಅರ್ಥವಾಗದಿದ್ದರೂ ತಲೆಯಾಡಿಸಿದ, ನವಸಾಗರ, ಗಂಧಕ ಒದ್ದೆಯಾಗದಂತೆ ಎರಡು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ. ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕೂತದ್ದೇ ನಿದ್ದೆ ಬಂತು. ಶಂಶಾಬಾದು ದಾಟಿ ಮುಂದಿನ ಸ್ಟಾಪಿನಲ್ಲಿ ಕಂಡಕ್ಟರ್ ಎಬ್ಬಿಸಿದ. ಬಿಸಿಲಲ್ಲಿ ನಡೆದು ವಾಪಸು ಬಂದಳು.

ಬಂದು ನೋಡಿದರೆ ಹಂಪಯ್ಯ ಸುಮ್ಮನೆ ಕೂತಿರಲಿಲ್ಲ. ಹಳೆಯ ಅರದ ತುಂಡೊಂದನ್ನು ಫ್ಲೆಕ್ಸಿನ ತಿದಿಯಲ್ಲಿ ಕಾಯಿಸಿ, ಚೂಪು ತೆಗೆದು ಬೈರಿಗೆಯ ಮೂತಿ ಮಾಡಿದ್ದ. ಬಿದಿರು ಬಾಗಿಸಿ ಹಗ್ಗ ಕಟ್ಟಿ ಬಿಲ್ಲು ಮಾಡಿದ್ದ. ಬಿಲ್ಲು ಹಿಂದೆ ಮುಂದೆ ಎಳೆದರೆ ಬೈರಿಗೆ ತಿರುಗಿ ತೂತು ಕೊರೆಯಬೇಕು. ಮೊದಲ ತೂತು ಬಿರುಕಿನ ತುದಿಗೆ, ಅದು ಇನ್ನು ಮುಂದೆ ಓಡದಂತೆ. ಆಮೇಲೆ ಒಡೆದ ಗೆರೆಯ ಎರಡೂ ಬದಿಗೆ. ಬೀಡು ಗಟ್ಟಿ. ಹಂಪಯ್ಯ ಎಳೆದ, ಗದಿಗೆಮ್ಮ ಎಳೆದಳು. ಕಲ್ಲಿನ ಕೆಲಸ ಮುಗಿಸಿ ಬಂದ ಹುಸೇನಪ್ಪ ಕೆನ್ನೆಯ ಪಟ್ಟಿಯೊಂದಿಗೆ ಎಳೆದ. ಕಪ್ಪು ಪುಡಿ ಉದುರಿತು, ಮಸಿಯಂತೆ ಸಣ್ಣಗೆ. ಗದಿಗೆಮ್ಮ ಒಂದು ಹರಳೂ ಚೆಲ್ಲದಂತೆ ಎಲೆಯಲ್ಲಿ ಕೂಡಿಸಿಟ್ಟುಕೊಂಡಳು. ಮೆತ್ತುವುದಕ್ಕೆ ಬೇಕಾದದ್ದು ಅದೇ ಪುಡಿ.

ಯಂಕಮ್ಮ ಬಿಲ್ಲು ಎಳೆಯುತ್ತಾ ಇದೇನು ಬೆಣ್ಣೆ ಕಡೆಯುವುದಾ ಎಂದಳು. ಬೆಣ್ಣೆಯಾದರೆ ಇಷ್ಟೊತ್ತಿಗೆ ಬರುತ್ತಿತ್ತು ಎಂದಳು. ನಗಲು ಯಾರಿಗೂ ತ್ರಾಣವಿರಲಿಲ್ಲ, ಆದರೂ ಹಂಪಯ್ಯ ಸ್ವಲ್ಪ ನಕ್ಕ. ಪಂಖಾ ಒಡೆದ ಮೇಲೆ ಅದೇ ಮೊದಲು.

ಟಾರ್ ಡ್ರಮ್ಮಿನ ತಗಡು ಕತ್ತರಿಸಿ, ಹೊಟ್ಟೆಯ ಬಾಗಿಗೆ ತಕ್ಕಂತೆ ಬಗ್ಗಿಸಿ ಪಟ್ಟಿಗಳನ್ನು ಮಾಡಿದರು. ಕಳಚಿದ ತುಂಡನ್ನು ಜಾಗಕ್ಕೆ ಕೂರಿಸಿದರು. ಗದಿಗೆಮ್ಮ ಪುಡಿ, ನವಸಾಗರ, ಗಂಧಕ ಕಲಸಿದಳು. ಕಲಸಿದ್ದು ತಾನಾಗಿ ಬೆಚ್ಚಗಾಯಿತು, ಮೂಗು ಸುಡುವ ಘಾಟು ಎದ್ದಿತು. ಕಣ್ಣಲ್ಲಿ ನೀರು ಬಂತು, ಅವಳು ಒರೆಸಿಕೊಳ್ಳಲಿಲ್ಲ. ಸಂದಿಗೆ ಮೆತ್ತಿ, ಮೇಲೆ ತಗಡಿನ ಪಟ್ಟಿ ಇಟ್ಟು, ಗುಜರಿಯಿಂದ ಆರಿಸಿದ ಬೋಲ್ಟುಗಳನ್ನು ತೂತುಗಳಿಗೆ ಹಾಕಿ ಹಂಪಯ್ಯ ಬಿಗಿದ. ಒಮ್ಮೆಗೇ ಬಿಗಿಯಲಿಲ್ಲ. ಇದನ್ನೊಂದಿಷ್ಟು, ಅದನ್ನೊಂದಿಷ್ಟು, ಬೆರಳಿಗೆ ಬಿಗಿ ಎನ್ನಿಸುವ ತನಕ. ಕೊರಳಿನ ಬಳೆಯನ್ನು ಬಿಡಿಸಿ, ಎರಡು ತುಂಡು ಮಾಡಿ, ಅದನ್ನೂ ಬೋಲ್ಟು ಹಾಕಿ ಅಪ್ಪಿಸಿದ. ನೀರು ಎಂದು ಯಾರೂ ಕೂಗಲಿಲ್ಲ.

ಪಂಖಾವನ್ನು ಮರದ ಕೆಳಗೇ ನಿಲ್ಲಿಸಿದರು. ಸೊಟ್ಟ ಕಾಲಿಗೆ ಕಲ್ಲು ಕೊಟ್ಟರು. ಅದರ ಸುತ್ತಲೇ ಒಲೆಗೋಡೆ ಕಟ್ಟಿದರು, ಕೊರಳನ್ನು ಮಣ್ಣಿನಲ್ಲಿ ಹುದುಗಿಸಿದರು. ಮೆತ್ತಿದ್ದು ಕಲ್ಲಾಗುವ ತನಕ ಅಲುಗಿಸುವಂತಿಲ್ಲ. ಅಲ್ಲೇ ನಿಂತು ಕೆಲಸ ಮಾಡಬಹುದು, ಎತ್ತಿದರೆ ಮಾತ್ರ ಬಿಡುತ್ತದೆ. ಅಪ್ಪ ಮಿಲ್ಲಿನಲ್ಲಿ ಮೆತ್ತಿದ ಕೊಳವೆಯ ಮೇಲೆ ಕೆಂಪು ಬಟ್ಟೆ ಕಟ್ಟುತ್ತಿದ್ದ, ಯಾರೂ ಒರಗದಿರಲಿ ಎಂದು. ಗದಿಗೆಮ್ಮ ಹಿಡಿಗೆ ಹಳೆ ಸೀರೆಯ ಚೂರು ಕಟ್ಟಿದಳು.

ಭಾನುವಾರ ಮಧ್ಯಾಹ್ನ ಇದ್ದಿಲು ಹಾಕಿದರು. ಹಂಪಯ್ಯ ಹಿಡಿ ತಿರುಗಿಸಿದ. ಗದಿಗೆಮ್ಮ ಕೂಡಿಸಿದ ಗೆರೆಯುದ್ದಕ್ಕೂ ಅಂಗೈ ಆಡಿಸಿದಳು. ಗಾಳಿ ತಾಗಲಿಲ್ಲ. ಒಲೆಯ ಕಡೆ ತಿರುಗಿದಳು. ಇದ್ದಿಲು ಉಸಿರೆಳೆದು ಕೆಂಪಾಗಿ, ಕೆಂಪಿನಿಂದ ಹಳದಿಯಾಯಿತು. ರಜೆಯ ದಿನವಾದ್ದರಿಂದ ಕಲ್ಲೊಡೆಯುವವರು ಒಬ್ಬೊಬ್ಬರಾಗಿ ಉಳಿ ತಂದು ರಾಶಿ ಹಾಕಿದರು. ಯಾರೂ ಖುಷಿ ಪಟ್ಟಂತೆ ಕಾಣಲಿಲ್ಲ. ನಾಳೆ ಕೆಲಸವಿದೆ, ಉಳಿ ಬೇಕು, ಅಷ್ಟೇ. ಹುಸೇನಪ್ಪ ತನ್ನ ಸೀಳಿದ ಉಳಿಯನ್ನು ಎಲ್ಲಕ್ಕಿಂತ ಮೇಲಿಟ್ಟ.

ಮೊದಲ ಉಳಿಗಳು ಬೆಂಕಿಯಲ್ಲಿರುವಾಗಲೇ ಮನೋಜ ಬಂದ. ಹಿಂದೆ ಕಲ್ಲೇಶ, ಟೋಪಿ ತಲೆಯ ಮೇಲೆಯೇ ಇತ್ತು. ಮನೋಜ ಪಂಖಾದ ಪಟ್ಟಿಗಳನ್ನು, ಬೋಲ್ಟುಗಳನ್ನು ಬಗ್ಗಿ ನೋಡಿ, ಪರವಾಗಿಲ್ಲವಲ್ಲ ಎಂದ. ಆಮೇಲೆ ಕಮಾನಿನ ಕಡೆ ತಿರುಗಿ ನೋಡಿದ. ಸಂಜೆಗೆ ಪ್ಲಾಟ್ ನೋಡಲು ನಗರದ ದೊಡ್ಡ ದೊಡ್ಡ ಜನ ಬರುತ್ತಾರೆ ಎಂದ. ಕಮಾನಿನಿಂದ ಒಳಗೆ ಬರುವಾಗ ಮೊದಲು ಕಾಣುವುದೇ ಈ ಮರ, ಈ ಹೊಗೆ. ಗುಡಿಸಲುಗಳಿಗೆ ಹಸಿರು ಪರದೆ ಕಟ್ಟಿಸುತ್ತಿದ್ದಾರೆ ಎಂದ.

"ಇದೊಂದನ್ನ ಇವತ್ತು ತೆಗೆದುಬಿಡಿ ಅಮ್ಮ. ಗುಡ್ಡದ ಹಿಂದಕ್ಕೆ ಇಟ್ಕೊಳ್ಳಿ. ಬಂದೋರು ಹೋದ್ಮೇಲೆ ಮತ್ತೆ ಇಲ್ಲೇ ಹಾಕಿ, ನಾನೇ ನಿಂತು ಹಾಕಿಸ್ತೀನಿ."

"ಎತ್ತಿದ್ರ ಬಿಡತೈತ್ರಿ ಸರ," ಎಂದಳು ಗದಿಗೆಮ್ಮ. "ಮೆತ್ತಿದ್ದು ಇನ್ನಾ ಹಸಿ ಐತಿ. ನಾಳಿಗೆ ಗಡುವ ಕೊಟ್ಟಾರ."

"ನಿಧಾನಕ್ಕೆ ಎತ್ತಿದ್ರೆ ಏನಾಗಲ್ಲ. ನಾಲ್ಕು ಜನಾನ ಕಳಿಸ್ಲಾ?"

ಅವಳು ಬೆಂಕಿ ಕೆದಕಿದಳು. ಕಲ್ಲೇಶ ಗುಡ್ಡದ ಕಡೆ ನೋಡುತ್ತಿದ್ದ.

"ನಾನು ಹೇಳ್ತಿರೋದಲ್ಲಮ್ಮ ಇದು," ಎಂದ ಮನೋಜ. "ಮೇಲಿಂದ ಬಂದಿರೋದು."

"ಕುಲಮಿ ಒಡದಾಗೂ ಹಂಗ ಅಂದ್ರಿ. ನೀವಲ್ಲ, ಕಲ್ಲೇಶ ಅಲ್ಲ, ಡ್ರೈವರ್ ಅಲ್ಲ. ಮಷೀನು ತಾನ ನಡಕೊಂತ ಬಂತೇನ್ರಿ?"

ಅವನ ಮುಖ ಕೆಂಪಾಯಿತು. ಕೆಟ್ಟ ಹುಡುಗನಲ್ಲ. ಕೆಟ್ಟವರಲ್ಲದವರನ್ನು ಮುಂದೆ ಕಳಿಸುವುದು ಕಂಪನಿಗೆ ಚೆನ್ನಾಗಿ ಗೊತ್ತು. ಅವರ ಮಾತಿಗೆ ಜನ ಎದ್ದು ಹೋಗುತ್ತಾರೆ, ಮಷೀನಿನ ಡೀಸೆಲ್ಲು ಉಳಿಯುತ್ತದೆ. ಅವನು ದನಿ ತಗ್ಗಿಸಿ, ತೆಗೆಯದಿದ್ದರೆ ಸಂಜೆಯೊಳಗೆ ಮತ್ತೆ ಆ ಜೆಸಿಬಿಯನ್ನೇ ಕಳಿಸುತ್ತಾರೆ, ಹಾಗಾಗಬಾರದು ಎಂದೇ ತಾನು ಬಂದದ್ದು, ಕನ್ನಡದವರಲ್ಲವಾ ಎಂದು ಬಂದದ್ದು ಎಂದ.

ಗದಿಗೆಮ್ಮ ಇಕ್ಕಳದಲ್ಲಿ ಉಳಿಯೊಂದನ್ನು ತಿರುವಿ ಹಾಕಿದಳು. ಭುಜ ನೋಯುತ್ತಿತ್ತು. ಬೈಯಲೂ ಮನಸ್ಸಿರಲಿಲ್ಲ.

"ಕಳಿಸ್ಲಿರಿ," ಎಂದಳು. "ನಾ ಎತ್ತಂಗಿಲ್ಲ."

ಸುತ್ತ ಕೂತವರು ಯಾರೂ ಏಳಲಿಲ್ಲ. ಮನೋಜ ಹಂಪಯ್ಯನ ಕಡೆ ತಿರುಗಿದ.

"ನೀವಾದ್ರೂ ಹೇಳಿ ಯಜಮಾನ್ರೇ. ನೀವು ಹೇಳಿದ್ರೆ ಕೇಳ್ತಾರೆ. ಎದ್ದು ಒಂದು ಕೈ ಹಾಕಿ, ಆಮೇಲೆ ಅವರೂ ಬರ್ತಾರೆ."

ಹಂಪಯ್ಯನ ಕೈ ನಿಂತಿತು. ಹಿಡಿ ನಿಂತದ್ದೇ ಬೆಂಕಿಯ ಹಳದಿ ಇಳಿಯಿತು. ಅವನು ಪಂಚೆಯ ಅಂಚು ಹಿಡಿದು, ಏಳುವವನಂತೆ ಒಂದು ಮೊಣಕಾಲು ಊರಿದ. ಗದಿಗೆಮ್ಮ ಅವನನ್ನು ನೋಡಲಿಲ್ಲ. ಅವನು ಏಳುವುದನ್ನು ಎಷ್ಟೋ ಸಲ ನೋಡಿದ್ದಳು. ಬೂದಿ ಹಿಡಿಯುತ್ತಿದ್ದ ಉಳಿಗಳ ಮೇಲೆ ಅವಳ ಕಣ್ಣಿತ್ತು.

ಹಂಪಯ್ಯ ಮೊಣಕಾಲನ್ನು ಮತ್ತೆ ಮಡಚಿದ. ಚಕ್ಕಳಮಕ್ಕಳ ಹಾಕಿ, ಸರಿಯಾಗಿ ಕೂತುಕೊಂಡ. ಹಿಡಿಗೆ ಕೈ ಹಾಕಿ ತಿರುಗಿಸತೊಡಗಿದ.

"ಇಲ್ರಿ ಸರ," ಎಂದ. "ನಾ ಹೇಳಂಗಿಲ್ಲ."